ಅಯ್ಯೋ ಅನ್ನುವ ಕಡೆ ಊಪ್ಸ್ ಅನ್ನಬಹುದಾ?

ಹಾಸನದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಮಾತಾಡುವುದನ್ನು ಹೇಳಿಕೊಡುತ್ತೇನೆ. ಸಾಲಗಾಮೆ ರಸ್ತೆ ಕಡೆ, ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ. ಡಿಗ್ರಿ ಮುಗಿಸಿದವರು ಬರುತ್ತಾರೆ, ಇಂಜಿನಿಯರಿಂಗ್ ಓದುವವರು ಬರುತ್ತಾರೆ, ಆಲೂರು, ಹೊಳೆನರಸೀಪುರದಿಂದ ಬಂದು ಪಾಠ ಮುಗಿಯುವ ಮೊದಲೇ ಬಸ್ಸಿನ ಟೈಮ್ ನೋಡಿಕೊಳ್ಳುವವರು ಬರುತ್ತಾರೆ, ಸಕಲೇಶಪುರದ ಹೋಂಸ್ಟೇಗಳಲ್ಲಿ ಕೆಲಸ ಮಾಡುವ ಹುಡುಗರು, ವಿದೇಶಕ್ಕೆ ಹೋಗಬೇಕು ಅಂದುಕೊಂಡಿರುವ ನರ್ಸ್‌ಗಳು ಕೂಡ. ಎಲ್ಲರಿಗೂ ಟೆನ್ಸ್ ಭಯ. ಹ್ಯಾವ್ ಬೀನ್ ಎಲ್ಲಿ, ಹ್ಯಾಡ್ ಬೀನ್ ಎಲ್ಲಿ ಅಂತ ತಲೆ ಕೆಡಿಸಿಕೊಂಡಿರುತ್ತಾರೆ. ನಾನು ಕಂಡ ಹಾಗೆ ಟೆನ್ಸ್ ತಪ್ಪಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎದುರಿಗಿದ್ದವರು ಅರ್ಥ ಮಾಡಿಕೊಂಡು ಮುಂದೆ ಹೋಗುತ್ತಾರೆ. ಮಾತು ಕೆಡುವುದು ಸಣ್ಣ ಉದ್ಗಾರಗಳಲ್ಲಿ. ಓ, ಊಪ್ಸ್, ವಾವ್, ಓ ನೋ, ಓ ಮೈ ಗಾಡ್, ಡ್ಯಾಮ್, ಶಿಟ್. ಬಾಯಿಂದ ಮೊದಲು ಹೊರಡುವುದೇ ಇವು. ಇವನ್ನು ಯಾರೂ ಕಲಿಸುವುದಿಲ್ಲ.

ಶಾಲೆಯಲ್ಲಿ ಇಂಟರ್ಜೆಕ್ಷನ್ ಅಂತ ಒಂದು ಪಾಠ ಇತ್ತಲ್ವಾ, ಎಂಟು ಪಾರ್ಟ್ಸ್ ಆಫ್ ಸ್ಪೀಚ್‌ನಲ್ಲಿ ಕೊನೆಯದು? ಹುರ್ರಾ, ಅಲಾಸ್, ಬ್ರಾವೋ. ಗೆದ್ದರೆ ಹುರ್ರಾ, ಯಾರಾದರೂ ಸತ್ತರೆ ಅಲಾಸ್. ಕನ್ನಡದಲ್ಲೂ ಅದೇ ಪಾಠ ಭಾವಸೂಚಕಾವ್ಯಯ ಅನ್ನುವ ಹೆಸರಿನಲ್ಲಿ ಬರುತ್ತದೆ: ಅಯ್ಯೋ, ಆಹಾ, ಭಲೇ, ಅಕ್ಕಟಾ. ಅಕ್ಕಟಾ ಅನ್ನುವುದನ್ನು ಗಮಕದಲ್ಲಿ ಕೇಳಿರುತ್ತೇವೆ, ಯಕ್ಷಗಾನದಲ್ಲಿ ಕೇಳಿರುತ್ತೇವೆ. "ಅಕ್ಕಟಾ, ಅರಸೀಕೆರೆ ಬಸ್ಸು ಹೋಯಿತು" ಅಂತ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಯಾರೂ ಅನ್ನುವುದಿಲ್ಲ. ಇವತ್ತಿನ ಇಂಗ್ಲಿಷಿನಲ್ಲಿ ಅಲಾಸ್ ಇರುವುದು ಹೆಚ್ಚು ಕಡಿಮೆ ಅದೇ ಜಾಗದಲ್ಲಿ. ಬರಹದಲ್ಲಿ ಉಂಟು, ಬೇಕೆಂದೇ ನಾಟಕದ ಧಾಟಿಯಲ್ಲಿ ಮಾತಾಡುವಾಗ ಉಂಟು, ಒಲೆ ಮೇಲೆ ಹಾಲು ಉಕ್ಕಿದಾಗ ಇಲ್ಲ. ಹೋಂಸ್ಟೇ ಹುಡುಗನೊಬ್ಬ ವಿದೇಶಿ ಅತಿಥಿಗೆ "ಅಲಾಸ್, ನೋ ಹಾಟ್ ವಾಟರ್" ಅಂದನಂತೆ. ಅವರು ನಕ್ಕುಬಿಟ್ಟರು. ಯಾಕೆ ನಕ್ಕರು ಅಂತ ಅವನಿಗೆ ಗೊತ್ತಾಗಲಿಲ್ಲ, ಎರಡು ದಿನ ಅವರ ಎದುರಿಗೆ ಹೋಗುವುದಕ್ಕೇ ಮುಜುಗರ ಪಟ್ಟ. ಪಾಪ, ಪುಸ್ತಕದಲ್ಲಿದ್ದದ್ದನ್ನು ಅವನು ಸರಿಯಾಗಿಯೇ ಕಲಿತಿದ್ದ.

ಪುಸ್ತಕ ಕಲಿಸುವುದು ಹೀಗೆ. ಉಳಿದದ್ದನ್ನು ಫೋನು ಕಲಿಸುತ್ತದೆ. ನನಗೆ ಹೆಚ್ಚು ಚಿಂತೆ ಇರುವುದು ಅಲ್ಲೇ.

ಒಂದು ಸಂಜೆ ಇಂಟರ್ವ್ಯೂ ಪ್ರಾಕ್ಟೀಸ್ ಮಾಡಿಸುತ್ತಿದ್ದೆ. ಹುಡುಗಿಯೊಬ್ಬಳು ಒಳಗೆ ಬಂದಳು, ಗುಡ್ ಈವ್ನಿಂಗ್ ಅಂದಳು, ಕೂತಳು. ಎಲ್ಲ ಸರಿಯಾಗಿತ್ತು. ಫೈಲ್ ಬಿಚ್ಚುವಾಗ ಮಾರ್ಕ್ಸ್ ಕಾರ್ಡುಗಳು ಜಾರಿ ನೆಲದ ತುಂಬ ಹರಡಿದವು. "ಓ ಶಿಟ್" ಅಂದಳು, ಮೆಲ್ಲಗೆ, ಸಲೀಸಾಗಿ. ಬಗ್ಗಿ ಆರಿಸಿಕೊಂಡಳು, ಮತ್ತೆ ನಗುತ್ತಾ ಕೂತಳು. ಮುಖದಲ್ಲಿ ಅಳುಕು ಅನ್ನುವುದೇ ಇಲ್ಲ. ಅವಳು ದೊಡ್ಡವರ ಎದುರಿಗೆ ಕನ್ನಡದಲ್ಲಿ ಥೂ ಅನ್ನುವುದಕ್ಕೂ ಹಿಂಜರಿಯುವ ಹುಡುಗಿ. ಶಿಟ್ ಅನ್ನುವ ಪದಕ್ಕೆ ಹೇಲು ಅಂತ ಅರ್ಥ ಅನ್ನುವುದೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಅವಳ ಮೂಗಿಗೆ ಅದು ನಾರುತ್ತಿರಲಿಲ್ಲ.

ಇದು ಅವಳೊಬ್ಬಳ ವಿಷಯ ಅಲ್ಲ. ಟರ್ಕಿಷ್ ಮನೆಮಾತಿನವರು, ಆಮೇಲೆ ಇಂಗ್ಲಿಷ್ ಕಲಿತವರು, ಇಂಥವರ ಬೆರಳಿಗೆ ಸಾಧನ ಕಟ್ಟಿ ಚರ್ಮದ ಬೆವರಿನಲ್ಲಾಗುವ ಬದಲಾವಣೆ ಅಳೆದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಕೆಟ್ಟ ಮಾತು, ಚಿಕ್ಕಂದಿನಲ್ಲಿ ತಾಯಿ ತಂದೆ ಬೈಯುವ ಮಾತು ಎರಡನ್ನೂ ಕೇಳಿಸಿ ನೋಡಿದರು. ಮನೆಮಾತಿನಲ್ಲಿ ಕೇಳಿದಾಗ ಮೈ ಜಾಸ್ತಿ ನಡುಗಿತು, ಇಂಗ್ಲಿಷಿನಲ್ಲಿ ಕೇಳಿದಾಗ ಕಡಿಮೆ. ನಮಗೂ ಹಾಗೇ ಅಲ್ವಾ? ಬೈಗುಳ ಕಲಿಯುವುದೆಂದರೆ ಪದ ಕಲಿಯುವುದಷ್ಟೇ ಅಲ್ಲ, ಅದನ್ನು ಆಡಿ ಬೆನ್ನಿಗೆ ಗುದ್ದು ತಿಂದು ಕಲಿಯುವುದು. ಇಂಗ್ಲಿಷಿನ ಶಿಟ್‌ಗೆ ನಮ್ಮಲ್ಲಿ ಯಾರೂ ಗುದ್ದು ತಿಂದಿಲ್ಲ. ಹಾಗಾಗಿ ಅದರ ತೂಕ ನಮಗೆ ಬಂದಿಲ್ಲ.

ನಮ್ಮ ಬೀದಿಯಲ್ಲಿ ಮೂರನೇ ಕ್ಲಾಸಿನ ಹುಡುಗನೊಬ್ಬ ಇದ್ದಾನೆ. ಮೊನ್ನೆ ಕರೆಂಟು ಹೋಗಿ ಟಿವಿ ನಿಂತಿತು. "ವಾಟ್ ದ ಹೆಲ್, ಅಜ್ಜಿ!" ಅಂತ ಕೂಗಿದ. ಅಜ್ಜಿ ಹೆಮ್ಮೆಯಿಂದ ನನ್ನ ಕಡೆ ನೋಡಿದರು, ಮೊಮ್ಮಗ ಇಂಗ್ಲಿಷ್ ಮಾತಾಡಿದ ಅಂತ. ಅವನೇನಾದರೂ "ಏನ್ ಸಾವು ಇದು ಅಜ್ಜಿ" ಅಂದಿದ್ದರೆ ಅದೇ ಅಜ್ಜಿ ಬಾಯಿ ಮೇಲೆ ಬಾರಿಸುತ್ತಿದ್ದರು. ಕೂರಿಸಿಕೊಂಡು "ಬಿಡ್ತು ಅನ್ನು" ಅನ್ನಿಸುತ್ತಿದ್ದರು. ಆ ಹುಡುಗ ಇದೇ ಮಾತನ್ನು ನಾಳೆ ಶಾಲೆಯ ಮಿಸ್ ಎದುರು ಆಡುತ್ತಾನೆ, ಹತ್ತು ವರ್ಷ ಕಳೆದ ಮೇಲೆ ಕೆಲಸ ಕೊಡುವವರ ಎದುರು ಆಡುತ್ತಾನೆ. ಅಲ್ಲಿ ಅವನನ್ನು ತಿದ್ದುವವರು ಇರುವುದಿಲ್ಲ. ಸುಮ್ನೆ ಒಂದು ಅಭಿಪ್ರಾಯಕ್ಕೆ ಬಂದುಬಿಡುತ್ತಾರೆ.

ಹಾಗಂತ ಇಂಗ್ಲಿಷಿಗೆ ಮರ್ಯಾದೆಯ ಉದ್ಗಾರಗಳಿಲ್ಲ ಅಂತಲ್ಲ. ಅವರಲ್ಲಿ ಇದೊಂದು ದೊಡ್ಡ ಕಸುಬೇ ಆಗಿದೆ. ಬಾಯಿಗೆ ಬಂದ ಕಟು ಮಾತನ್ನು ಅರ್ಧದಲ್ಲೇ ತಿರುಗಿಸಿ ಬೇರೆ ಪದ ಮಾಡುವುದು. ಡ್ಯಾಮ್ ಅನ್ನಲು ಹೊರಟು ಡಾರ್ನ್ ಅಂದರು, ಡ್ಯಾಂಗ್ ಅಂದರು. ಹೆಲ್ ಹೆಕ್ ಆಯಿತು. ಶಿಟ್ ಶೂಟ್ ಆಯಿತು. ಗಾಡ್ ಅನ್ನುವುದು ಗಾಶ್ ಆಯಿತು, ಗಾಲಿ ಆಯಿತು, ಗುಡ್‌ನೆಸ್ ಕೂಡ ಅದೇ ಜಾಗಕ್ಕೆ ಬಂತು. ಜೀಸಸ್ ಹೆಸರಿನಿಂದ ಜೀ ಮತ್ತು ಜೀಝ್ ಬಂದವು. ಹಳೇ ಇಂಗ್ಲಿಷ್ ಸಿನಿಮಾಗಳಲ್ಲಿ ಕೇಳುವ ಬ್ಲೈಮಿ ಅನ್ನುವುದರ ಹಿಂದೆ ಇರುವುದು "ದೇವರು ನನ್ನ ಕಣ್ಣು ಕುರುಡು ಮಾಡಲಿ" ಅನ್ನುವ ಆಣೆ. ಇಷ್ಟೆಲ್ಲ ಯಾಕೆ ಅಂದರೆ ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ಒಂದು, ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದು ಅನ್ನುವುದು. ಇಂಗ್ಲೆಂಡಿನಲ್ಲಿ 1606ರಲ್ಲಿ ಇದಕ್ಕೆ ಕಾನೂನೇ ಬಂತು. ನಾಟಕದಲ್ಲಿ ದೇವರ ಹೆಸರನ್ನು ಹಗುರವಾಗಿ ಎತ್ತಿದರೆ ಹತ್ತು ಪೌಂಡ್ ದಂಡ. ಆಗಿನ ಕಾಲಕ್ಕೆ ಅದು ದೊಡ್ಡ ದುಡ್ಡು.

ನಮ್ಮಲ್ಲಿ ದೇವರ ಹೆಸರಿಗೆ ಈ ಕಟ್ಟು ಇಲ್ಲ. ಎಡವಿದರೆ ರಾಮ ರಾಮಾ, ಕೆಟ್ಟ ಸುದ್ದಿ ಬಂದರೆ ಶಿವ ಶಿವಾ, ಹಲ್ಲಿ ಲೊಚಗುಟ್ಟಿದರೆ ಬೆರಳಿನಿಂದ ನೆಲ ತಟ್ಟಿ ಕೃಷ್ಣ ಕೃಷ್ಣಾ. ವರ್ಷಕ್ಕೊಮ್ಮೆ ದೀಪಾವಳಿ ಸುಮಾರಿಗೆ ಹಾಸನಾಂಬೆ ಗುಡಿ ಬಾಗಿಲು ತೆಗೆದಾಗ ಆ ಉದ್ದದ ಸಾಲಿನಲ್ಲಿ ನಿಂತು ನೋಡಿ. ಬಿಸಿಲಿಗೆ ಕಾಲು ಸುಟ್ಟರೂ ಅಮ್ಮಾ ತಾಯೀ, ಹಿಂದಿನವರು ತಳ್ಳಿದರೂ ಅಮ್ಮಾ ತಾಯೀ, ಕೊನೆಗೆ ದರ್ಶನ ಆದಾಗಲೂ ಅದೇ. ದೇವರ ಹೆಸರು ಎಷ್ಟು ಸಲ ಬಾಯಿಗೆ ಬಂದರೆ ಅಷ್ಟು ಪುಣ್ಯ ಅಂತ ನಂಬಿದವರು ನಾವು. ಓ ಮೈ ಗಾಡ್ ನಮ್ಮ ಬಾಯಿಗೆ ಇಷ್ಟು ಸುಲಭವಾಗಿ ಕೂತಿದ್ದು ಇದಕ್ಕೇ ಅಂತ ನನ್ನ ಅನಿಸಿಕೆ. ಅಯ್ಯೋ ದೇವ್ರೇ ಅನ್ನುವ ಕಡೆಯಲ್ಲೆಲ್ಲ ಅದನ್ನು ಇಟ್ಟುಬಿಟ್ಟೆವು.

ಇವತ್ತು ಇಂಗ್ಲಿಷ್ ಮಾತಾಡುವ ಬಹಳಷ್ಟು ಜನ ಕೂಡ ಅದನ್ನು ಧಾರಾಳವಾಗಿ ಆಡುತ್ತಾರೆ. ಅದರ ಚಿಕ್ಕ ರೂಪ ಓಎಂಜಿ ಮೊಬೈಲ್ ಕಾಲದ್ದು ಅಂತ ಹುಡುಗರು ಅಂದುಕೊಂಡಿದ್ದಾರೆ. 1917ರಲ್ಲೇ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಜಾನ್ ಫಿಶರ್ ವಿನ್‌ಸ್ಟನ್ ಚರ್ಚಿಲ್‌ಗೆ ಬರೆದ ಕಾಗದದಲ್ಲಿ ಅದು ಇದೆ. ಆಕ್ಸ್‌ಫರ್ಡ್ ನಿಘಂಟಿಗೆ ಸೇರಿದ್ದು 2011ರಲ್ಲಿ. ಆದರೂ ದೈವಭಕ್ತಿ ಇರುವ ಕ್ರಿಶ್ಚಿಯನ್ ಮನೆಗಳಲ್ಲಿ ಓ ಮೈ ಗಾಡ್ ಅಂದರೆ ಮಕ್ಕಳಿಗೆ ಬೈಗುಳ ಬೀಳುತ್ತದೆ, ಜೀಸಸ್ ಅಂತ ಉದ್ಗರಿಸಿದರಂತೂ ಇನ್ನೂ ಜಾಸ್ತಿ. ನರ್ಸ್ ಆಗಿ ಹೊರಗೆ ಹೋಗುವ ಹೆಣ್ಣುಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ. ನೀವು ನೋಡಿಕೊಳ್ಳುವ ಎಂಬತ್ತು ವರ್ಷದ ಅಜ್ಜಿಗೆ ದೇವರೇ ಆಸರೆ ಆಗಿರಬಹುದು, ಅವರ ಎದುರಿಗೆ ಓ ಮೈ ಗುಡ್‌ನೆಸ್ ಅನ್ನಿ. ಒಂದು ಪದ ಬದಲಾಯಿಸಿದರೆ ಸಾಕು, ಯಾರಿಗೂ ನೋವಾಗುವುದಿಲ್ಲ.

ಕಟು ಮಾತನ್ನು ತಿರುಗಿಸುವ ಈ ಕಸುಬು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ನಮ್ಮಜ್ಜಿಗೆ ಕೋಪ ಬಂದರೆ "ನಿನ್ನ ಮನೆ..." ಅಂತ ಶುರು ಮಾಡುತ್ತಿದ್ದಳು. ಮುಂದಿನ ಪದ ಹಾಳಾಗ ಅಂತ ಬರಬೇಕು, ಕೇಳುವವರೆಲ್ಲ ಅದಕ್ಕೇ ಕಾಯುತ್ತಿದ್ದರು. ಅವಳು "ಕಾಯ್ವಾಗ" ಅಂತ ಮುಗಿಸುತ್ತಿದ್ದಳು. ನಿನ್ನ ಮನೆ ಕಾಯ್ವಾಗ! ಹಾಸನ, ಮಂಡ್ಯ ಕಡೆಯವರಿಗೆ ಈ ಮಾತು ಗೊತ್ತು. ಕೋಪವೂ ಹೊರಗೆ ಬಂತು, ಮನೆಯೂ ಉಳಿಯಿತು. ಡ್ಯಾಮ್ ಅನ್ನಲು ಹೋಗಿ ಡಾರ್ನ್ ಅಂದವರು ಮಾಡಿದ್ದೂ ಇದನ್ನೇ. ಕ್ಲಾಸಿನಲ್ಲಿ ಅಜ್ಜಿಯ ಈ ಮಾತು ಹೇಳಿದರೆ ಡಾರ್ನ್, ಹೆಕ್ ಎಲ್ಲ ಒಂದೇ ಸಲಕ್ಕೆ ಅರ್ಥವಾಗುತ್ತವೆ.

ಇಂಗ್ಲಿಷ್ ನಮ್ಮ ಕಡೆಗೆ ಬಂದ ದಾರಿಯನ್ನೂ ನೆನೆಸಿಕೊಳ್ಳಬೇಕು. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಬ್ರಿಟಿಷ್ ಪ್ಲಾಂಟರುಗಳು ಬಂದಾಗ ನಮ್ಮ ಜನರ ಕಿವಿಗೆ ಜಾಸ್ತಿ ಬಿದ್ದ ಇಂಗ್ಲಿಷ್ ಅಂದರೆ ಆರ್ಡರು ಮತ್ತು ಬೈಗುಳ. ತೋಟದ ಲೆಕ್ಕ ಬರೆಯುವವರನ್ನು ರೈಟರು ಅಂತ ಈಗಲೂ ಕರೆಯುತ್ತಾರೆ. ನನ್ನ ಚಿಕ್ಕಂದಿನಲ್ಲಿ ಅಂಥ ಹಿರಿಯರೊಬ್ಬರು ನಮ್ಮ ಮನೆಗೆ ಬರುತ್ತಿದ್ದರು. ಊಟ, ಮಳೆ, ಮಗಳ ಮದುವೆ ಎಲ್ಲವನ್ನೂ ಚೆಂದದ ಮಲೆನಾಡಿನ ಕನ್ನಡದಲ್ಲಿ ಮಾತಾಡುವರು. ಸಿಟ್ಟು ಬಂದಾಗ ಮಾತ್ರ ಡ್ಯಾಮ್ ಫೂಲ್, ಬ್ಲಡಿ ನಾನ್ಸೆನ್ಸ್, ಯೂಸ್‌ಲೆಸ್ ಫೆಲೋ. ಅವರಿಗೆ ಇಂಗ್ಲಿಷ್ ಸಿಕ್ಕಿದ್ದು ಮೇಲಿನಿಂದ ಕೆಳಕ್ಕೆ ಸುರಿದ ಮಾತಾಗಿ. ಓ ಡಿಯರ್, ನೆವರ್ ಮೈಂಡ್, ಬ್ಲೆಸ್ ಯೂ ಅನ್ನುವ ಮೆತ್ತನೆ ಮಾತುಗಳನ್ನು ದೊರೆ ತನ್ನ ಮನೆಯೊಳಗೆ ಆಡುತ್ತಿದ್ದ, ರೈಟರಿಗೆ ಅದು ಕೇಳಿಸುತ್ತಿರಲಿಲ್ಲ. ಇವತ್ತಿಗೂ ನಮ್ಮ ಇಂಗ್ಲಿಷಿನಲ್ಲಿ ಗದರುವ ಮಾತು ಜಾಸ್ತಿ, ಸಮಾಧಾನದ ಮಾತು ಕಡಿಮೆ ಅನ್ನಿಸಿದಾಗಲೆಲ್ಲ ನನಗೆ ಆ ಹಿರಿಯರು ನೆನಪಾಗುತ್ತಾರೆ.

ಹಾಗಾದರೆ ಎಲ್ಲ ಉದ್ಗಾರವನ್ನೂ ಇಂಗ್ಲಿಷಿಗೆ ಬದಲಾಯಿಸಿಕೊಳ್ಳಬೇಕಾ? ಬೇಡ. ತಾಯಿಯೊಬ್ಬರು ಬಂದು, ಮಗಳು ಬಿದ್ದಾಗ ಅಮ್ಮಾ ಅಂತ ಕೂಗಿದ್ದಕ್ಕೆ ಶಾಲೆಯಲ್ಲಿ ಔಚ್ ಅನ್ನಬೇಕು ಅಂತ ತಿದ್ದಿದರು, ನೀವೂ ಸ್ವಲ್ಪ ಅಭ್ಯಾಸ ಮಾಡಿಸಿ ಅಂದರು. ನಾನು ಆಗುವುದಿಲ್ಲ ಅಂದೆ. ಮಂಡಿ ಕಿತ್ತುಹೋದ ಮಗುವಿಗೆ ಯಾವ ಭಾಷೆಯಲ್ಲಿ ಅಳಬೇಕು ಅಂತ ಹೇಳುವುದು ಕ್ರೌರ್ಯ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ನೋವು, ಭಯ, ಬೆಚ್ಚಿಬೀಳುವುದು ನಮ್ಮೊಳಗಿನಿಂದ ಚಿಮ್ಮುವ ಮಾತುಗಳು, ಯಾರಿಗೂ ಹೇಳುವ ಮಾತಲ್ಲ. ಅವು ಅಮ್ಮಾ, ಅಪ್ಪಾ, ಅಯ್ಯೋ ಆಗಿಯೇ ಇರಲಿ. ಲಂಡನ್ನಿನಲ್ಲಿ ಬೆರಳು ಸುಟ್ಟುಕೊಂಡರೂ ಅಯ್ಯಪ್ಪಾ ಅನ್ನಿ, ಯಾರಿಗಾದರೂ ಅರ್ಥವಾಗುತ್ತದೆ.

ಕಲಿಯಬೇಕಾದದ್ದು ಇನ್ನೊಂದು ಬಗೆ. ಎದುರಿನವರ ಕಷ್ಟ ಕೇಳಿ ಆಡುವುದು, ಅವರ ಸಂತೋಷಕ್ಕೆ ದನಿಗೂಡಿಸುವುದು, ನಮ್ಮಿಂದಾದ ಸಣ್ಣ ಎಡವಟ್ಟಿಗೆ ತಕ್ಷಣ ಬಾಯಿ ಬಿಡುವುದು. ಇವು ಇನ್ನೊಬ್ಬರ ಕಿವಿಗೆ ಅಂತಲೇ ಆಡುವ ಮಾತು, ಮರ್ಯಾದೆಗೆ ಸೇರಿದವು. ಇಲ್ಲಿ ನಮ್ಮ ಅಯ್ಯೋ ಎಲ್ಲ ಕೆಲಸವನ್ನೂ ಒಬ್ಬನೇ ಮಾಡುತ್ತಾನೆ. ಹಾಲು ಚೆಲ್ಲಿದರೂ ಅಯ್ಯೋ, ಪಕ್ಕದ ಮನೆಯವರ ಮಗ ಫೇಲಾದರೂ ಅಯ್ಯೋ, ಸಾವಿನ ಸುದ್ದಿಗೂ ಅಯ್ಯೋ. ದನಿ ಎಷ್ಟು ಎಳೆದಿರಿ, ಎಷ್ಟು ಇಳಿಸಿದಿರಿ ಅನ್ನುವುದರಲ್ಲೇ ಲೆಕ್ಕ. ಇಂಗ್ಲಿಷಿನಲ್ಲಿ ಇದನ್ನು ಹಂಚಿಟ್ಟಿದ್ದಾರೆ. ಊಪ್ಸ್ ನಮ್ಮದೇ ಚಿಕ್ಕ ತಪ್ಪಿಗೆ: ಪೆನ್ನು ಬಿತ್ತು, ತಪ್ಪು ಬಟನ್ ಒತ್ತಿದೆ. ರೋಗಿಗೆ ತಪ್ಪು ಮಾತ್ರೆ ಕೊಟ್ಟು ಊಪ್ಸ್ ಅಂದರೆ ಅದು ಕೇಡು. ಬೇರೆಯವರು ಮೆಟ್ಟಿಲಿನಿಂದ ಉರುಳಿದಾಗ ಊಪ್ಸ್ ಅಂದರೆ ಹಗುರ ಮಾಡಿದಂತೆ ಕೇಳುತ್ತದೆ, ಅಲ್ಲಿ ಓ ನೋ ಬೇಕು, ಹಿಂದೆಯೇ ಆರ್ ಯೂ ಆಲ್ ರೈಟ್ ಅಂತ ಬರಬೇಕು. ಬಸ್ಸು ತಪ್ಪಿತು, ಮಳೆ ಬಂತು, ಕೊಡೆ ಮರೆತೆ ಅನ್ನುವುದಕ್ಕೆ ಓ ಡಿಯರ್. ಸಾವಿಗೆ ಇವು ಯಾವುದೂ ಸಾಲುವುದಿಲ್ಲ. ಐ ಆಮ್ ಸೋ ಸಾರಿ ಅಂತ ಪೂರ್ತಿ ವಾಕ್ಯವನ್ನೇ ಹೇಳಬೇಕು, ಹೇಳಿ ಸುಮ್ಮನಿರಬೇಕು.

ಮಾತಿಗಿಂತ ಮೊದಲು ಬರುವ ಸದ್ದುಗಳೂ ಇದರಲ್ಲಿ ಸೇರಿವೆ. ಬೆಂಗಳೂರಿನ ಕಾಲ್ ಸೆಂಟರ್ ಒಂದರಲ್ಲಿ ಕೆಲಸಕ್ಕಿದ್ದ ನನ್ನ ಹಳೇ ವಿದ್ಯಾರ್ಥಿನಿ ಹೇಳಿದ್ದು. ಅಮೆರಿಕದ ವಯಸ್ಸಾದ ಹೆಂಗಸೊಬ್ಬರು ಫೋನ್ ಮಾಡಿ, ಮೊಮ್ಮಗನಿಗೆ ತರಿಸಿದ ಆಟದ ಸಾಮಾನು ಒಡೆದು ಬಂದಿದೆ ಅಂದರು. ಇವಳಿಗೆ ಕರುಳು ಚುರ್ ಅಂತು. ನಾಲಿಗೆ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಒತ್ತಿ ಸೆಳೆದು ಬಿಟ್ಟಳು, ಚ್ ಚ್ ಚ್ ಅಂತ, ನಾವೆಲ್ಲ ಪಾಪ ಅನ್ನುವ ಮೊದಲು ಮಾಡುತ್ತೇವಲ್ಲ ಹಾಗೆ. ಆ ಕಡೆಯ ದನಿ ಗಟ್ಟಿಯಾಯಿತು. ನಾನೇನು ತಪ್ಪು ಮಾಡಿದೆ ಅಂತ ಹೀಗೆ ಮಾಡುತ್ತೀಯಾ ಅಂತ ಕೇಳಿದರು. ನಮ್ಮಲ್ಲಿ ಲೊಚಗುಟ್ಟುವುದು ಮರುಕ. ಇಂಗ್ಲಿಷಿನವರಿಗೆ ಅದೇ ಸದ್ದು ಹೆಚ್ಚಾಗಿ ಆಕ್ಷೇಪಣೆ, ತಪ್ಪು ಮಾಡಿದ ಮಗುವಿನ ಎದುರು ಬೆರಳು ಆಡಿಸುತ್ತಾ ಮಾಡುವ ಸದ್ದು. ಅವಳು ಎಷ್ಟು ಸಲ ಸಾರಿ ಕೇಳಿದರೂ ಆ ಮಾತುಕತೆ ಮತ್ತೆ ಸರಿಹೋಗಲಿಲ್ಲ. ಅವಳ ಕರುಣೆ ಆ ಅಜ್ಜಿಗೆ ತಲುಪಲೇ ಇಲ್ಲ. ನನಗೆ ಇದು ಬಹಳ ಸಂಕಟದ ವಿಷಯ ಅನ್ನಿಸುತ್ತದೆ. ಟೆನ್ಸ್ ತಪ್ಪಿದ್ದಕ್ಕೆ ಇಂಥದ್ದು ಆಗಿದ್ದನ್ನು ನಾನು ಕೇಳಿಲ್ಲ.

ಎಲ್ಲ ಸದ್ದೂ ಹೀಗೆ ಬೇರೆ ಬೇರೆ ಅಂತಲೂ ಅಲ್ಲ. ಸರಿಯಾಗಿ ಕೇಳಿಸದಿದ್ದಾಗ ನಾವು ಆಂ? ಅನ್ನುತ್ತೇವೆ, ಇಂಗ್ಲಿಷಿನವರು ಹಃ? ಅನ್ನುತ್ತಾರೆ. ಲೋಕದ ಬೇರೆ ಬೇರೆ ಕಡೆಯ ಹತ್ತು ಭಾಷೆಗಳನ್ನು ನೋಡಿ, ಈ ಪುಟ್ಟ ಪ್ರಶ್ನೆ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಥರ ಇದೆ ಅಂತ ಭಾಷಾವಿಜ್ಞಾನಿ ಮಾರ್ಕ್ ಡಿಂಗಮಾನ್ಸೆ ಮತ್ತು ಜೊತೆಗಾರರು 2013ರಲ್ಲಿ ಬರೆದರು. 2015ರಲ್ಲಿ ಅವರಿಗೆ ಇಗ್ನೊಬೆಲ್ ಪ್ರಶಸ್ತಿ ಕೂಡ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವಂಥದ್ದು. ಸದ್ದು ಒಂದೇ ಆದರೂ ಮರ್ಯಾದೆ ಪ್ರಶ್ನೆ ಎರಡೂ ಕಡೆ ಇದೆ. ಮಾವನವರ ಎದುರು ಆಂ? ಅನ್ನುವುದಿಲ್ಲ, ಏನಂದ್ರಿ ಅನ್ನುತ್ತೇವೆ. ಅಲ್ಲಿಯೂ ಮೇಲಿನವರ ಎದುರು ಹಃ ನಡೆಯುವುದಿಲ್ಲ, ಸಾರಿ? ಅಥವಾ ಪಾರ್ಡನ್? ಅಂತ ದನಿ ಮೇಲೆತ್ತಿ ಕೇಳಬೇಕು.

ಓ ಮ್ಯಾನ್, ಓ ಬಾಯ್ ಬಗ್ಗೆ ಹುಡುಗಿಯರು ಪದೇ ಪದೇ ಕೇಳುತ್ತಾರೆ, ಹೆಂಗಸರಿಗೆ ಹಾಗೆ ಅನ್ನಬಹುದಾ ಅಂತ. ಅವು ಯಾರನ್ನೂ ಕರೆಯುವ ಮಾತಲ್ಲ, ಸುಮ್ನೆ ಗಾಳಿಗೆ ಬಿಡುವ ಮಾತು. ನಮ್ಮ ಮಾರಾಯ ಹಾಗಲ್ಲ ನೋಡಿ. ಗೆಳೆಯನಿಗೆ ಮಾರಾಯ, ಗೆಳತಿಗೆ ಮಾರಾಯ್ತಿ, ಹಿರಿಯರಿಗೆ ಮಾರಾಯ್ರೆ. ಉದ್ಗಾರದಲ್ಲೂ ಎದುರಿಗೆ ಯಾರಿದ್ದಾರೆ ಅಂತ ನೋಡಿಕೊಂಡು ಮಾತಾಡುವ ಮಲೆನಾಡಿನವರಿಗೆ ಇಂಗ್ಲಿಷಿನ ಮರ್ಯಾದೆ ಕಲಿಯುವುದು ಕಷ್ಟ ಆಗಬಾರದು. ಆ ಮರ್ಯಾದೆ ಪ್ರತ್ಯಯದಲ್ಲಿ ಇಲ್ಲ, ಪದದ ಆಯ್ಕೆಯಲ್ಲಿ ಮತ್ತು ದನಿಯಲ್ಲಿ ಇದೆ ಅಂತ ತೋರಿಸಿಕೊಟ್ಟರೆ ಬೇಗ ಹಿಡಿದುಕೊಳ್ಳುತ್ತಾರೆ. ವಾವ್ ಅನ್ನುವುದನ್ನೇ ತೆಗೆದುಕೊಳ್ಳಿ. ದನಿ ಏರಿಸಿ ಇಳಿಸಿದರೆ ಮೆಚ್ಚುಗೆ. ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿ ಅಂದರೆ ಅಣಕ. ನಮ್ಮ ಹುಡುಗರು ನಾಚಿಕೆಗೆ ದನಿ ಏರಿಸುವುದಿಲ್ಲ, ಮನಸ್ಸಿನಿಂದ ಮೆಚ್ಚಿ ಅಂದ ವಾವ್ ಕೂಡ ಅಣಕದ ಹಾಗೆ ಕೇಳಿಬಿಡುತ್ತದೆ. ಹಾಗಾಗಿ ಕ್ಲಾಸಿನಲ್ಲಿ ಗಟ್ಟಿಯಾಗಿ ಅನ್ನಿಸುತ್ತೇನೆ. ಮೊದಲ ದಿನ ಎಲ್ಲರೂ ತಲೆ ತಗ್ಗಿಸುತ್ತಾರೆ. ಬಾಯಿ ಬಿಟ್ಟು ಅಂದ ಮೇಲೆ ಬರುತ್ತದೆ.

ಅಂದ ಹಾಗೆ 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಐಯೋ ಅನ್ನುವುದನ್ನೂ ಸೇರಿಸಿಕೊಂಡಿತು. ದಕ್ಷಿಣ ಭಾರತ, ಶ್ರೀಲಂಕಾ, ಸಿಂಗಾಪುರ, ಮಲೇಷ್ಯಾದ ಇಂಗ್ಲಿಷಿನಲ್ಲಿ ಅದು ಎಂದಿನಿಂದಲೋ ಇದೆ. ಇಂಗ್ಲಿಷ್ ಮಾತಾಡುವಾಗ ಅಯ್ಯೋ ಬಾಯಿಗೆ ಬಂತು ಅಂತ ತುಟಿ ಕಚ್ಚಿಕೊಳ್ಳುವ ಹುಡುಗಿಯರಿಗೆ ಇದನ್ನು ಹೇಳುತ್ತೇನೆ. ಅದರ ಹಿಂದೆಯೇ ಒಂದು ಓ ನೋ ಸೇರಿಸಿ, ಅಯ್ಯೋ ಗೊತ್ತಿರುವವರಿಗೂ ಗೊತ್ತಿಲ್ಲದವರಿಗೂ ತಲುಪುತ್ತದೆ.

ಕಳೆದ ವಾರ ನರ್ಸಿಂಗ್ ಮುಗಿಸಿದ ಹುಡುಗಿ ಕೇಳಿದ್ದು ಸೀನಿನ ಬಗ್ಗೆ. ನಮ್ಮಲ್ಲಿ ಮಗು ಸೀನಿದರೆ ನೂರು ವರ್ಷ ಆಯಸ್ಸು ಅನ್ನುತ್ತೇವೆ, ಅವರು ಬ್ಲೆಸ್ ಯೂ ಅನ್ನುತ್ತಾರೆ, ಗುರುತಿಲ್ಲದವರು ಸೀನಿದರೂ ಅನ್ನಬೇಕಾ ಅಂತ. ಅನ್ನಬಹುದು, ಖುಷಿಪಡುತ್ತಾರೆ. ನೀವೇ ಸೀನಿದಾಗ ಯಾರಾದರೂ ಹಾಗಂದರೆ ಥ್ಯಾಂಕ್ ಯೂ ಅಂದರೆ ಆಯಿತು. ಕೆಮ್ಮಿದರೆ ಅನ್ನುವ ಪದ್ಧತಿ ಇಲ್ಲ.